ಬಲಗಡೆಯ ಗುಲ್ಮ

ಸಂಶೋಧಕನ ಯೋಗ್ಯತೆಯನ್ನು ಅವನ ಪ್ರಬಂಧವನ್ನು ಎಷ್ಟು ಮಂದಿ ಉಲ್ಲೇಖಿಸಿದ್ದಾರೆ ಎಂಬುದರಿಂದಲೇ ಅಳೆಯತಕ್ಕದ್ದು. ಇದು ಆ ಸಂಸ್ಥೆಯ ನಿಯಮ. ನನಗೆ ಇದನ್ನು ಮೊದಲು ಹೇಳಿದವರು ಅಲ್ಲಿ ರೋಗನಿರೋಧಕ ಶಕ್ತಿಯ ಸಂಶೋಧನೆ ಮಾಡುವ ನನ್ನ ಷಡ್ಡಕರು. ತಮ್ಮನ್ನು ತಾವೇ ಗೇಲಿ ಮಾಡಿಕೊಳ್ಳುತ್ತ ಹೇಳಿದರು. ದೇವರ ದಯೆಯಿಂದ ನನಗಿನ್ನೂ ಅರಳುಮರಳು ಬಂದಿಲ್ಲ, ಕೇಳಿದಷ್ಟನ್ನೇ ಹೇಳುತ್ತೇನೆ.

ಷಡ್ಡಕರಿಗೆ ಹೆಸರು ಬಂದದ್ದು ಒಂದೇ ಪ್ರಬಂಧದಿಂದ. ಮದ್ದು ಚುಚ್ಚಿದ ಇಲಿಗಳಿಗಿಂತ ಚುಚ್ಚದ ಇಲಿಗಳೇ ಗಟ್ಟಿ ಎಂದು ಅದರಲ್ಲಿ ಸಾಧಿಸಿದ್ದರು. ಪಂಜರಗಳನ್ನು ತೊಳೆದು ಮತ್ತೆ ಜೋಡಿಸುವಾಗ ಮೇಲಿನದನ್ನು ಕೆಳಗೆ, ಕೆಳಗಿನದನ್ನು ಮೇಲೆ ಇಟ್ಟು, ಚುಚ್ಚಿದವನ್ನೂ ಚುಚ್ಚದವನ್ನೂ ಅದಲುಬದಲು ಮಾಡಿದವರು ತಾವೇ ಎಂಬುದು ಅವರಿಗೆ ಆಮೇಲೆ ಹೊಳೆಯಿತು. ಅಷ್ಟರಲ್ಲಿ ಲೋಕದ ಪ್ರಯೋಗಾಲಯಗಳೆಲ್ಲ ‘ಇದು ಶುದ್ಧ ತಪ್ಪು’ ಎಂದು ಬರೆದು, ತಪ್ಪು ಯಾರದೆಂದು ತೋರಿಸಲು ಇವರ ಹೆಸರು ಕೊಟ್ಟಿದ್ದವು. ಉಲ್ಲೇಖಗಳು ಆರುನೂರು ದಾಟಿದವು. ಸಂಸ್ಥೆಯವರು ಇವರ ಕೋಣೆಯ ಬಾಗಿಲಿಗೆ ಹಿತ್ತಾಳೆಯ ಫಲಕ ಹಾಕಿಸಿದರು.

ಷಡ್ಡಕರಿಗೆ ಆ ಫಲಕವನ್ನು ನೋಡಲಾಗುತ್ತಿರಲಿಲ್ಲ. ಅವರ ಬಳಿ ನಿಜವಾದ ಕೆಲಸವೊಂದಿತ್ತು: ವಯಸ್ಸಾದಂತೆ ಗುಲ್ಮದ, ಅಂದರೆ ಸ್ಪ್ಲೀನಿನ, ಜೀವಕೋಶಗಳು ಹಳೆಯ ರೋಗಗಳನ್ನು ಮರೆಯುವುದೇಕೆ ಎಂಬುದು. ಮುದುಕರ ಪ್ರಾಣ ಉಳಿಸಬಲ್ಲ ಸಂಗತಿ. ಸುಳ್ಳನ್ನು ಹಿಂದಕ್ಕೆ ಪಡೆದು ನಿಜವನ್ನು ಪ್ರಕಟಿಸುತ್ತೇನೆಂದು ನಿರ್ದೇಶಕರ ಬಳಿ ಹೋದರು.

“ಸರಿಯಾಗಿದೆಯಾ ಇದು?” ಎಂದರು ನಿರ್ದೇಶಕರು, ಕಾಗದದ ಕಟ್ಟನ್ನು ಬೆರಳ ತುದಿಯಲ್ಲಿ ದೂರ ಸರಿಸುತ್ತ.

“ಪೂರ್ತಿ ಸರಿಯಾಗಿದೆ ಸರ್.”

“ಅದೇ ತೊಂದ್ರೆ ನೋಡಿ. ಸರಿಯಾದದ್ದನ್ನ ಓದಿದೋರು ಹೌದು ಅಂತ ತಲೆದೂಗ್ತಾರೆ. ತಲೆದೂಗಿದ್ದು ಲೆಕ್ಕಕ್ಕೆ ಬರಲ್ಲ. ಬೈದದ್ದು ಬರುತ್ತೆ.”

“ಹಾಗಾದ್ರೆ ಹಳೇ ತಪ್ಪು ಹಾಗೇ ಇರಲಿ ಅಂತೀರಾ?”

“ಅದು ಸಂಸ್ಥೆಯ ಆಸ್ತಿ ಕಣ್ರೀ. ನಿಮ್ಮಿಷ್ಟ ಬಂದ ಹಾಗೆ ತಿದ್ದೋದಕ್ಕೆ ಬರಲ್ಲ. ಎಣಿಕೆ ಇಳಿದ್ರೆ ನಿಮ್ಮ ಪ್ರಯೋಗಾಲಯ ಪಕ್ಕದೋರಿಗೆ ಹೋಗುತ್ತೆ. ಇಲಿಗಳ ಸಮೇತ.”

ಮನೆಯಲ್ಲಿ ಹೆಂಡತಿ, ಅಂದರೆ ನನ್ನ ನಾದಿನಿ, ಎಲ್ಲವನ್ನೂ ಸಮಾಧಾನದಿಂದ ಕೇಳಿಸಿಕೊಂಡಳು. “ಅಲ್ಲಾ ರೀ, ಮದುವೆಯಾದಾಗಿಂದ ನಿಮ್ಮ ತಪ್ಪು ಎತ್ತಿ ಆಡ್ತಾನೇ ಇದೀನಿ. ಅದನ್ನೂ ಸೇರಿಸಿದ್ರೆ ನಿಮ್ಮನ್ನ ಮುಟ್ಟೋರು ಯಾರಿದಾರೆ?”

“ಗಾಯಕ್ಕೆ ಉಪ್ಪು ಸವರಬೇಡ ಮಾರಾಯ್ತಿ.”

“ಉಪ್ಪಲ್ಲ, ಉಪಾಯ. ಹಸುಗೂಸಿಗೂ ಗೊತ್ತಾಗೋ ಅಂಥ ಒಂದು ತಪ್ಪು ಹಾಕಿ. ಬಯ್ಯೋದಕ್ಕಾದ್ರೂ ಓದ್ತಾರೆ.”

ಷಡ್ಡಕರು ಮರುದಿನ ಹೋಗಿ ತಿಳಿಸಿದ ಈ ಸಲಹೆಯನ್ನು ನಿರ್ದೇಶಕರು ಕೂಡಲೇ ಒಪ್ಪಿ ಸುತ್ತೋಲೆ ಹೊರಡಿಸಿದರು: “ಇನ್ನು ಮುಂದೆ ಪ್ರತಿ ಪ್ರಬಂಧದಲ್ಲಿ ಕನಿಷ್ಠ ಒಂದು ತಪ್ಪು ಇರತಕ್ಕದ್ದು. ಸದರಿ ತಪ್ಪು ಓದುಗರಿಗೆ ಸುಲಭವಾಗಿ ಸಿಗುವಂತಿರತಕ್ಕದ್ದು. ಅಚಾತುರ್ಯದಿಂದಾದ ತಪ್ಪುಗಳನ್ನು ಪರಿಗಣಿಸಲಾಗುವುದಿಲ್ಲ.”

ಷಡ್ಡಕರು ದೇವರ ಮುಂದೆ ಕೈಮುಗಿದು, ಪ್ರಬಂಧದ ಮೊದಲ ಸಾಲಿನಲ್ಲಿ ಬರೆದರು: ‘ಹೊಟ್ಟೆಯ ಬಲಭಾಗದಲ್ಲಿರುವ ಗುಲ್ಮವು…’ ಉಳಿದದ್ದೆಲ್ಲ ಅಪ್ಪಟ ಸತ್ಯ.

ಆರುನೂರು ಯಾವ ಮಹಾ! ಗುಲ್ಮ ಎಡಗಡೆ ಇರುತ್ತದೆಂದು ಖಂಡಖಂಡಗಳಿಂದ ಖಂಡನೆ ಬಂತು. ಎಡಗಡೆಯೇ ಎಂಬುದನ್ನು ಸ್ಥಾಪಿಸಲು ಎರಡು ವಿಚಾರ ಸಂಕಿರಣಗಳು ನಡೆದವು. ಎರಡಕ್ಕೂ ಇವರೇ ಮುಖ್ಯ ಅತಿಥಿ. ಯಾರಾದರೂ ಎರಡನೆಯ ಸಾಲಿಗೆ ಬಂದಾರೆಂದು ಷಡ್ಡಕರು ಪ್ರತಿಯೊಂದು ಖಂಡನೆಯನ್ನೂ ಕೊನೆಯವರೆಗೆ ಓದಿದರು. ಒಬ್ಬರೂ ಬಂದಿರಲಿಲ್ಲ. ಮುದುಕರು ಎಂದಿನಂತೆ ಕೆಮ್ಮುತ್ತಿದ್ದರು. ಪ್ರಯೋಗಾಲಯ ಮಾತ್ರ ಉಳಿಯಿತು. ಪಕ್ಕದವರ ಇಲಿಗಳೂ ಇವರ ಪಾಲಿಗೆ ಬಂದವು.

ಆ ವರ್ಷ ಸಿಬ್ಬಂದಿಯ ಆರೋಗ್ಯ ತಪಾಸಣೆಯಲ್ಲಿ ಸಂಸ್ಥೆಯ ವೈದ್ಯರು ಇವರನ್ನು ಮಲಗಿಸಿ ಬಲಗಡೆ ಒತ್ತತೊಡಗಿದರು.

“ಡಾಕ್ಟ್ರೇ, ಏನು ಹುಡುಕ್ತಿದೀರಿ?”

“ಗುಲ್ಮ ಸರ್.”

“ಅದು ಎಡಗಡೆ ಅಲ್ವೇನ್ರೀ?”

ವೈದ್ಯರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. “ಹೊರಗಿನೋರಿಗೆ ಎಡಗಡೆ ಸರ್. ನಮ್ಮ ಸಂಸ್ಥೆಯ ನಿಲುವು ಬಲಗಡೆ ಅಂತ ಅಲ್ವಾ?”

ಷಡ್ಡಕರು ಅಂಗಿಯನ್ನು ಇನ್ನಷ್ಟು ಮೇಲೆತ್ತಿಕೊಂಡರು. ಆಮೇಲೆ ಉಸಿರು ಬಿಗಿಹಿಡಿದು, “ಇನ್ನೂ ಸ್ವಲ್ಪ ಮೇಲೆ ಒತ್ತಿ,” ಎಂದರು.

ಕೇಳಿದವರು ಈ ಕಥೆಯನ್ನು ನಾಲ್ಕು ಜನಕ್ಕೆ ದಾಟಿಸಬೇಕು. ಇದರಲ್ಲಿ ತಪ್ಪು ಕಂಡರೆ ಸಂಕೋಚಪಡದೆ, ನಮ್ಮ ಷಡ್ಡಕರನ್ನು ಹೆಸರಿಸಿಯೇ ಬಯ್ಯಿರಿ. ಅವರಿಗೊಂದು ಎಣಿಕೆ ಹೆಚ್ಚಲಿ.