ಹೇಮಪ್ಪ ಮಲಗಿದ ಗಾದಿ

ಲಾಡಸಾಬನ ಅಂದಿನ ಅನಾಹುತಕ್ಕೆಲ್ಲ ಕಾರಣ ಮಗಳು ನಾಹೀದ ಬೆಳಿಗ್ಗೆ ಆಡಿದ ಒಂದು ಮಾತು. "ಅಪ್ಪಾ, ಈಗ ಮಂದಿ ಅಂಗಡಿಗೆ ಬರೂದಿಲ್ಲ, ಮೊಬೈಲ್ ನೋಡ್ತಾರ. ನಾವೂ ಒಂದು ರೀಲ್ ಮಾಡೂಣು."

ಗಜೇಂದ್ರಗಡದಲ್ಲಿ ಹತ್ತಿ ಹಿಂಜಿ ಗಾದಿ ತುಂಬುವ ಪುಟ್ಟ ಅಂಗಡಿ ಅವನದು. ಎದುರಿಗೆ ಆಶಿಕನ ಫೋಮ್ ಅಂಗಡಿ ಬಂದಾಗಿನಿಂದ ಗಿರಾಕಿಗಳು ಇವನ ಕಡೆ ಬೆನ್ನು ಮಾಡಿಯೇ ನಿಲ್ಲುತ್ತಿದ್ದರು. ಈ ಮದುವೆ ಸೀಜನ್ನೂ ಹೀಗೇ ಹೋದರೆ ಅಂಗಡಿಗೆ ಬೀಗ ಬೀಳುವುದು ಖಾತ್ರಿ. ಕೈಯಲ್ಲಿದ್ದದ್ದು ಒಂದೇ ಆರ್ಡರ್. ರಾಜೂರಿನ ಪರಶಪ್ಪ ಮಗಳ ಮದುವೆಗೆಂದು ಹೇಳಿದ್ದ ಗಾದಿ ತಯಾರಾಗಿ ಕೂತಿತ್ತು.

ಮೊಬೈಲಿನ ಮುಂದೆ ಲಾಡಸಾಬ ಪೊಲೀಸ್ ಠಾಣೆಯಲ್ಲಿ ನಿಂತವನ ಹಾಗೆ ಕೈ ಕಟ್ಟಿಕೊಂಡ. "ನಮ್ಮಲ್ಲಿ ಗಾದಿ ಸಿಗತಾವ್ರಿ," ಎಂದು ತಪ್ಪೊಪ್ಪಿಕೊಂಡ.

"ಸ್ವಲ್ಪ ನಗು ಅಪ್ಪಾ."

"ನಗುವಂಥಾದ್ದು ಏನೈತವ್ವಾ?"

ಅಷ್ಟರಲ್ಲಿ ಪಕ್ಕದ ಹಿಟ್ಟಿನ ಗಿರಣಿಯ ಹೇಮಪ್ಪ ಬಂದ. ಕರೆಯದೆ ಬರುವುದರಲ್ಲಿ ಅವನದು ಎತ್ತಿದ ಕೈ. "ಏ ಲಾಡಸಾಬ, ಹಿಂಗ ಮಾರಿ ಜೋತಬಿಟ್ರ ಯಾರು ನೋಡ್ತಾರೋ? ಗಾದಿ ಮ್ಯಾಲ ಯಾರರ ಮಲ್ಕೊಂಡು ತೋರಸಬೇಕು."

"ಮದುವಿ ಗಾದಿ ಐತಪಾ ಅದು. ಮದುಮಕ್ಕಳಿಗಿಂತ ಮೊದಲ ಬ್ಯಾರೇದವ್ರು ಮಲ್ಕೋಬಾರ್ದು."

"ನಾ ಎಲ್ಲಿ ಮಲ್ಕೋತೀನಿ? ಮಲ್ಕೊಂಡಂಗ ಮಾಡ್ತೀನಿ," ಎಂದು ಹೇಮಪ್ಪ ಮೈಮೇಲಿನ ಹಿಟ್ಟು ಕೊಡವಿ ಉರುಳಿಯೇಬಿಟ್ಟ. ಮರುಗಳಿಗೆಯೇ ಗಿರಣಿ ಚಾಲೂ ಆದಂತೆ ಗೊರಕೆ. ಲಾಡಸಾಬ ಕಾಲು ಜಗ್ಗಿದ, ಮುಖಕ್ಕೆ ನೀರು ಚಿಮುಕಿಸಿದ. ಹೇಮಪ್ಪ ಮಗ್ಗುಲು ಬದಲಿಸಿ ಇನ್ನಷ್ಟು ಆಳಕ್ಕಿಳಿದ. ನಾಹೀದ ನಗು ತಡೆಯಲಾರದೆ ಅದನ್ನೇ ರೀಲ್ ಮಾಡಿ ಹಾಕಿಬಿಟ್ಟಳು.

ಮಧ್ಯಾಹ್ನದ ಹೊತ್ತಿಗೆ ರೋಣ, ನರೇಗಲ್ಲಿನ ಮೊಬೈಲುಗಳಲ್ಲೂ ಹೇಮಪ್ಪ ಗೊರಕೆ ಹೊಡೆಯುತ್ತಿದ್ದ. ಅಂಗಡಿ ಮುಂದೆ ಮಂದಿ ನೆರೆದರು. ಗಾದಿಯ ರೇಟು ಮಾತ್ರ ಒಬ್ಬರೂ ಕೇಳಲಿಲ್ಲ. "ನಿದ್ದಿ ಮಾಡಾಂವ ಎಲ್ಲದಾನ್ರಿ?" ಎಂದು ವಿಚಾರಿಸಿ, ಆಗಷ್ಟೇ ಎದ್ದಿದ್ದ ಹೇಮಪ್ಪನ ಜೊತೆ ಸೆಲ್ಫಿ ತೆಗೆದುಕೊಂಡು ಹೋದರು. ಹೇಮಪ್ಪನೂ ಅವರ ಹಿಂದೆಯೇ ಹೊರಟುಹೋದ.

ಆಮೇಲೆ ಬಂದವನು ಪರಶಪ್ಪ. ಮುಖ ಕೆಂಪಗಾಗಿತ್ತು.

"ಬೀಗರು ರೀಲ್ ನೋಡ್ಯಾರ್ರಿ. ಯಾವನೋ ಗೊರಕಿ ಹೊಡದ ಗಾದಿ ನಮಗ ಬ್ಯಾಡ ಅಂದಾರ."

"ಮ್ಯಾಲಿನ ಅರಿವಿ ಬದ್ಲಿ ಮಾಡಿಕೊಡ್ತೀನ್ರಿ."

"ಒಳಗ ಹೋಗಿರೋ ಗೊರಕಿ ಹ್ಯಾಂಗ ತಗೀತೀರಿ?" ಎಂದವನೇ ಪರಶಪ್ಪ ನಡೆದುಬಿಟ್ಟ.

ನಾಹೀದ ಸಪ್ಪೆ ಮುಖ ಮಾಡಿಕೊಂಡು ಮನೆಗೆ ಹೋದಳು. ಲಾಡಸಾಬ ಗಾದಿಯ ಅಂಚಿನಲ್ಲಿ ಕುಸಿದು ಕೂತ. ದುಃಖ ಉಕ್ಕಿ ಬಂತು.

ಆಗ ಎದುರಂಗಡಿಯ ಆಶಿಕ ರಸ್ತೆ ದಾಟಿ ಬಂದ. "ಚಾಚಾ, ಈ ಗಾದಿ ನನಗ ಕೊಡ್ರಿ. ರೊಕ್ಕ ಈಗ ಎಣಸ್ತೀನಿ."

"ನಿನಗ್ಯಾಕಪಾ ಹತ್ತಿ ಗಾದಿ?"

ಆಶಿಕ ದನಿ ತಗ್ಗಿಸಿದ. "ಹೇಮಪ್ಪನ್ನ ನಮ್ಮ ರೀಲಿಗೆ ಕರಕೊಂಡು ಹೋದ್ನಿ. ಫೋಮ್ ಮ್ಯಾಲ ಬರೇ ಹೊರಳಾಡ್ತಾನ, ಬೆವರ್ತಾನ, ನಿದ್ದೀನ ಬರವಲ್ದು. ನಿಮ್ಮ ಗಾದಿಗೆ ನಮ್ಮ ಫೋಮಿನ ಕವರ್ ಹಾಕಿ ಮಲಗಸ್ತೀನಿ. ಆದ್ರ ಮನ್ಯಾಗಿನವ್ರ ಮುಂದೂ ಬಾಯಿ ಬಿಡಬಾರ್ದು. ಆಣಿ ಮಾಡ್ರಿ."

ಲಾಡಸಾಬ ಗಾದಿಯ ಮೇಲೆ ಒಮ್ಮೆ ಕೈಯಾಡಿಸಿದ. ಗೊರಕೆ ಹೊಕ್ಕ ಗಾದಿಯನ್ನು ಇನ್ನಾರು ಕೊಳ್ಳುತ್ತಾರೆ? ಆಣೆ ಮಾಡಿದ. ಗಾದಿಯನ್ನು ತಾನೇ ಹೊತ್ತು ರಸ್ತೆ ದಾಟಿಸಿ ಕೊಟ್ಟ.

ದೀಪ ಹಚ್ಚುವ ಹೊತ್ತಿಗೆ ಮನೆ ಸೇರಿದರೆ ಹೆಂಡತಿ ಮೈಮುನಬಿ ಮಗಳ ಮೊಬೈಲ್ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಅದರಲ್ಲಿ ಆಶಿಕನ ಹೊಸ ರೀಲ್. ಹೊಳೆಯುವ ಕವರಿನ ಮೇಲೆ ಹೇಮಪ್ಪ ಬಾಯಿ ತೆರೆದು ಮಲಗಿದ್ದ. ಕೆಳಗೆ ಕಮೆಂಟಿನಲ್ಲಿ ಎಲ್ಲರೂ ಫೋಮಿನ ರೇಟು ಕೇಳುತ್ತಿದ್ದರು.

"ನೋಡ್ರಿ, ನಿದ್ದಿ ಅಂದ್ರ ಇದು! ಜಲಮೆಲ್ಲಾ ಹತ್ತಿ ಹಿಂಜಿದ್ರಿ, ಒಂದಿನರ ಇಂಥಾ ಗಾದಿ ತುಂಬೀರೇನು?"

ಲಾಡಸಾಬ ಬಾಯಿ ತೆರೆದ. ಮಾಡಿದ ಆಣೆ ಅಡ್ಡ ಬಂತು. ಗಾದಿ ಮಾರಾಟವಾಯಿತು ಎಂದಷ್ಟೇ ಹೇಳಿ ರೊಕ್ಕವನ್ನು ಅವಳ ಕೈಗಿಟ್ಟ.

"ಹೆಂಗೂ ಇವತ್ತ ಗಾದಿ ಮಾರಿದ ರೊಕ್ಕ ಬಂದೈತಲ್ಲ," ಎಂದಳು ಮೈಮುನಬಿ, "ನಾಳೆ ಹೋಗಿ ನಮಗೂ ಒಂದು ಫೋಮ್ ತಂದುಬಿಡ್ರಿ."