ಅಯ್ಯನವರ ಮೂರು ತಿಂಗಳು

ಬೇರೆಯವರು ರಜೆ ಹಾಕುವುದನ್ನು ಕಂಡರೆ ನನಗೆ ಮೊದಲಿನಿಂದಲೂ ಆಗದು. ಮೂವತ್ತೊಂದು ವರ್ಷ ಕಾರ್ಖಾನೆಯೊಂದರಲ್ಲಿ ಗುಮಾಸ್ತನಾಗಿದ್ದೆ. ಜ್ವರ ಬಂದ ದಿನವೂ ಮಫ್ಲರ್ ಸುತ್ತಿಕೊಂಡು ಹೋಗಿ, ಅಕ್ಕಪಕ್ಕದ ಮೇಜಿನವರಿಗೆಲ್ಲ ಜ್ವರ ಹಂಚಿ ಬಂದವನು. ಅಂಥ ನನ್ನೆದುರು, ಮೂಡಲಪಾಳ್ಯದ ನಮ್ಮ ಪುಟ್ಟ ಚರ್ಚಿನ ಪಾದ್ರಿಗಳಾದ ಅಯ್ಯನವರು ಕಮಿಟಿ ಸಭೆಯಲ್ಲಿ ಎದ್ದು, “ಮೂರು ತಿಂಗಳು ಬಿಡುವು ಬೇಕಿತ್ತು. ಸ್ವಲ್ಪ ಓದ್ಬೇಕು, ಸ್ವಲ್ಪ ಸುಧಾರಿಸ್ಕೋಬೇಕು” ಎಂದರೆ ಹೇಗಾಗಬೇಡ? ಭಾನುವಾರ ಒಂದು ದಿನ ಕೆಲಸ ಮಾಡುವವರು ಉಳಿದ ಆರು ದಿನ ಸುಧಾರಿಸಿಕೊಳ್ಳದೆ ಏನು ಮಾಡುತ್ತಿದ್ದರು? ಕಮಿಟಿಯ ಕಾರ್ಯದರ್ಶಿ ಎಂಬ ಹಕ್ಕಿನಿಂದ ಇದನ್ನು ಬಾಯಿಬಿಟ್ಟು ಕೇಳಿಯೂ ಬಿಟ್ಟೆ. ಅಯ್ಯನವರು ಸುಮ್ಮನೆ ನಕ್ಕರು. ಹನ್ನೊಂದು ವರ್ಷದಲ್ಲಿ ಅವರು ಒಂದು ವಾರವೂ ರಜೆ ಹಾಕಿಲ್ಲವೆಂದು ಯಾರೋ ನೆನಪಿಸಿದರು. ಕಮಿಟಿ ಒಪ್ಪಿತು. “ಅಷ್ಟು ಸುಲಭದ ಕೆಲ್ಸ ಅಂದ್ಮೇಲೆ ನೀವೇ ನೋಡ್ಕೊಳ್ಳಿ ಸಾರ್” ಎಂದು ಚರ್ಚಿನ ಮೊಬೈಲನ್ನೂ ಭಾನುವಾರ ಆರಾಧನೆಯಲ್ಲಿ ಮಾಡುವ ಪ್ರಸಂಗವನ್ನೂ ನನ್ನ ತಲೆಗೇ ಕಟ್ಟಿತು.

ಸೋಮವಾರ ಹಲ್ಲುಜ್ಜುವ ಮೊದಲೇ ಮೊಬೈಲ್ ಬಡಿದುಕೊಂಡಿತು. ಒಬ್ಬರ ಹೊಸ ಸ್ಕೂಟರಿಗೆ ಪ್ರಾರ್ಥನೆ ಆಗಬೇಕಂತೆ. ಇನ್ನೊಬ್ಬರ ಮಗಳು ಪರೀಕ್ಷೆಗೆ ಹೆದರಿ ಊಟ ಬಿಟ್ಟಿದ್ದಾಳಂತೆ. ಒಂದೇ ಮನೆಯ ಅತ್ತೆ ಮತ್ತು ಸೊಸೆ ಬೇರೆ ಬೇರೆಯಾಗಿ ಫೋನ್ ಮಾಡಿ, ಇನ್ನೊಬ್ಬರಿಗೆ ಬುದ್ಧಿ ಹೇಳಿ ಎಂದರು. ಇಬ್ಬರಿಗೂ ಹೇಳಿದೆ. ಸಂಜೆಯೊಳಗೆ ಇಬ್ಬರೂ ಒಂದಾದರು, ನನ್ನ ವಿರುದ್ಧ.

ಮಂಗಳವಾರ ಕುರುಬರಹಳ್ಳಿಯಿಂದ ಮಾರ್ಥಜ್ಜಿಯ ಫೋನು. ಒಂಟಿ ಹೆಂಗಸು. “ಅಯ್ಯನೋರು ಮಂಗಳವಾರ ತಪ್ಪದೆ ಬರೋರು. ನೀವು ಬರಲ್ವಾ?” ಹೋದೆ. ಕಾಫಿ ಕೊಟ್ಟು, ತಮ್ಮ ಯಜಮಾನರು ಕಣ್ಮುಚ್ಚಿದ ದಿನದ ಕತೆ ಹೇಳಿದರು. ಕೇಳಿ ನನಗೂ ಸಂಕಟವಾಯಿತು. ಮುಂದಿನ ಮಂಗಳವಾರವೂ ಅದೇ ಕತೆ, ಒಂದಕ್ಷರ ಹೆಚ್ಚುಕಮ್ಮಿಯಿಲ್ಲ. ಮೂರನೆಯ ವಾರ, ಬೇಗ ಮುಗಿದರೆ ಬಸ್ಸು ಸಿಕ್ಕೀತೆಂಬ ಆಸೆಯಿಂದ, “ಆಮೇಲೆ ಅವರು ನೀರು ಕೇಳಿದ್ರು, ಅಲ್ವಾ ಅಜ್ಜಿ?” ಎಂದುಬಿಟ್ಟೆ.

ಅಜ್ಜಿ ಕತೆಯನ್ನು ಅಲ್ಲಿಗೇ ಬಿಟ್ಟು ಎದ್ದರು. ಲೋಟಗಳನ್ನು ಎತ್ತಿಕೊಂಡು ಮೆಲ್ಲಗೆ, “ಒಂಬತ್ತು ವರ್ಷ ಆಯ್ತು, ಅಯ್ಯನೋರು ಒಂದು ದಿನಾನೂ ಹಂಗೆ ಮಧ್ಯ ಬಾಯಿ ಹಾಕಿದೋರಲ್ಲ ಕಣಪ್ಪ” ಎಂದರು.

ನನಗೆ ನಾಚಿಕೆಯಾದರೆ ಅದು ಕೋಪವಾಗಿ ಹೊರಗೆ ಬರುತ್ತದೆ. ಇದಕ್ಕೆಲ್ಲ ಅಯ್ಯನವರೇ ಕಾರಣ, ಇವತ್ತೇ ಅವರನ್ನು ಎಳೆದುಕೊಂಡು ಬರುತ್ತೇನೆಂದು ನೇರ ಕೆಂಗೇರಿಯ ಬಸ್ಸು ಹತ್ತಿದೆ. ಅಲ್ಲಿಂದ ಸ್ವಲ್ಪ ಆಚೆ, ಅವರು ಉಳಿದುಕೊಂಡಿದ್ದ ಮನೆಯ ವರಾಂಡದಲ್ಲಿ, ದಪ್ಪ ಪುಸ್ತಕವೊಂದನ್ನು ಎದೆಯ ಮೇಲೆ ಬೋರಲು ಹಾಕಿಕೊಂಡು ನಿದ್ದೆ ಹೋಗಿದ್ದರು. ಓದಂತೆ, ಓದು. ಬೈಗುಳ ನಾಲಿಗೆಯ ತುದಿಗೆ ಬಂದಿತ್ತು. ಆಗ ಮುಖ ನೋಡಿದೆ. ಕಣ್ಣ ಕೆಳಗಿನ ಕಪ್ಪು ಹೋಗಿತ್ತು. ಇಷ್ಟು ವರ್ಷ ಅದು ಅವರ ಬಣ್ಣವೆಂದೇ ತಿಳಿದಿದ್ದೆ.

ಎಚ್ಚರವಾಗಿ ನನ್ನನ್ನು ಕಂಡವರೇ ಗಾಬರಿಯಿಂದ ಎದ್ದು ಕೂತರು. “ಮಾರ್ಥಜ್ಜಿ ಚೆನ್ನಾಗಿದಾರಾ?”

“ಎಲ್ರೂ ಚೆನ್ನಾಗಿದಾರೆ. ನಾನು ಸುಮ್ನೆ ಈ ಕಡೆ ಬಂದಿದ್ದೆ. ನೀವು ಓದ್ಕೊಳ್ಳಿ ಅಯ್ಯನವರೇ.”

ಮರುವಾರ ಅಜ್ಜಿಯ ಮನೆಗೆ ಹೋಗಿ, ಕತೆಯನ್ನು ಮೊದಲಿನಿಂದ ಹೇಳಿ ಎಂದು ಬೇಡಿದೆ. ಸ್ವಲ್ಪ ಬಿಗುಮಾನ ತೋರಿಸಿ ಹೇಳಿದರು. ಈ ಸಲ ನೀರಿನ ಮಾತು ಬಂದಾಗ ನನಗೆ ಬಸ್ಸಿನ ನೆನಪೇ ಆಗಲಿಲ್ಲ. ಇನ್ನು ಅಯ್ಯನವರಿಗೆ ಯಾರೂ ತೊಂದರೆ ಕೊಡಬಾರದೆಂದು, ಅವರು ಎಲ್ಲಿದ್ದಾರೆಂದು ಕೇಳಿದವರಿಗೆಲ್ಲ ಗೊತ್ತಿಲ್ಲ ಎನ್ನತೊಡಗಿದೆ.

ಇದರ ಫಲವೇನು ಗೊತ್ತೇ? ನನ್ನ ಹೆಂಡತಿ ಸುಗುಣ ತರಕಾರಿ ತಂದವಳು ಚೀಲ ಇಳಿಸುವ ಮೊದಲೇ, “ಅಯ್ಯನವರು ಬೇಗ ಬರದೇ ಇರೋ ಹಂಗೆ ನೀವೇ ನೋಡ್ಕೊಂಡಿದೀರಂತೆ. ಪ್ರಸಂಗ ಮಾಡೋ ರುಚಿ ಹತ್ತಿದೆ ನಿಮಗೆ ಅಂತ ಚರ್ಚೆಲ್ಲ ಮಾತಾಡ್ಕೋತಾ ಇದೆ” ಎಂದಳು.

ಮೈಯೆಲ್ಲ ಉರಿದುಹೋಯಿತು. ಇಂಥ ಅನ್ಯಾಯದ ಮಾತಿಗೆ ಸುಮ್ಮನಿರಲಾದೀತೇ? ಭಾನುವಾರ ಪ್ರಸಂಗಪೀಠದಿಂದಲೇ ಉತ್ತರ ಕೊಟ್ಟೆ. ಐವತ್ತೈದು ನಿಮಿಷ ಹಿಡಿಯಿತು.