ಉಸಿರು ಬಿಗಿಹಿಡಿದ ಗಂಡ

ಎದೆಗಾರಿಕೆ ಇರುವವನಿಗೆ ಎದೆ ಒತ್ತುವುದು ಯಾವ ಮಹಾ ವಿದ್ಯೆ! ನಮ್ಮ ಛತ್ರಿ ಕಾರ್ಖಾನೆಯಲ್ಲಿ ಹೃದಯ ನಿಂತವರನ್ನು ಬದುಕಿಸುವ ತರಬೇತಿ ಇದೆ ಎಂದು ಗೊತ್ತಾದ ದಿನವೇ ಮನೆಯಲ್ಲಿ ಘೋಷಿಸಿಬಿಟ್ಟೆ: “ನೋಡ್ತಾ ಇರು, ಇನ್ಮೇಲೆ ನಾನಿರೋ ಕಡೆ ಯಮನಿಗೆ ಪ್ರವೇಶವಿಲ್ಲ!”

“ಮೊದಲು ಆ ನಿಂತುಹೋಗಿರೋ ಫ್ಯಾನಿಗೆ ಜೀವ ಕೊಡಿ,” ಎಂದಳು ಹೆಂಡತಿ.

ಕ್ಯಾಂಟೀನಿನ ಮೇಜುಗಳನ್ನು ಗೋಡೆಗೆ ಸರಿಸಿ, ಸೊಂಟದಿಂದ ಕೆಳಗೆ ಏನೂ ಇಲ್ಲದ ರಬ್ಬರ್ ಗೊಂಬೆಯೊಂದನ್ನು ನೆಲದ ಮೇಲೆ ಮಲಗಿಸಿದ್ದರು. ಕಲಿಸಲು ಬಂದ ನರ್ಸಮ್ಮ “ಯಾರು ಮೊದಲು?” ಎನ್ನುವಷ್ಟರಲ್ಲಿ ನಾನು ಮಂಡಿಯೂರಿ ಆಗಿತ್ತು! ಗೊಂಬೆಯ ಭುಜ ತಟ್ಟಿ ಮೆಲ್ಲಗೆ “ಸಾರ್... ಸಾರ್...” ಎಂದೆ.

“ಎಬ್ಬಿಸ್ತಿದ್ದೀರೋ, ಜೋಗುಳ ಹಾಡ್ತಿದ್ದೀರೋ?” ಎಂದು ಗದರಿದರು ನರ್ಸಮ್ಮ. “ಗಟ್ಟಿಯಾಗಿ ಕೂಗಿ! ಏಳಲಿಲ್ವಾ? ಉಸಿರಾಡ್ತಿಲ್ವಾ? ಆಂಬುಲೆನ್ಸ್‌ಗೆ ಫೋನ್ ಮಾಡಿಸಿ, ಎದೆ ನಡುವೆ ಜೋರಾಗಿ, ಬೇಗ ಬೇಗ ಒತ್ತಿ!”

ಸಂಜೆ ಬೂಟು ಬಿಚ್ಚುವ ಮೊದಲೇ ಮನೆಯಲ್ಲಿ ನನ್ನ ಪಾಠ ಶುರು. ಎಂದೂ ನನ್ನ ಮಾತಿಗೆ ಕಿವಿಗೊಡದವಳು ಅವತ್ತು ಒಲೆ ಆರಿಸಿ ಬಂದು ಕೂತಳು. ದಿಂಬಿನ ಮೇಲೆ ಮತ್ತೆ ಮತ್ತೆ ಒತ್ತಿ ಕಲಿತಳು. ಗುರುಗಳಿಗೆ ಹುಮ್ಮಸ್ಸು ಏರದೆ ಇರುತ್ತದೆಯೇ?

“ಈಗ ಪರೀಕ್ಷೆ! ನಾನು ಬಿದ್ದಿದ್ದೀನಿ ಅಂದ್ಕೋ. ಒತ್ತಬೇಡ, ಸುಮ್ನೆ ಕೈಯಿಟ್ಟು ತೋರಿಸು,” ಎಂದು ದೊಪ್ಪನೆ ನೆಲಕ್ಕುರುಳಿದೆ. ಅಭಿನಯವೆಂದರೆ ಅರೆಬರೆ ಆಗಬಾರದು ನೋಡಿ! ಬಾಯಿ ತೆರೆದೆ, ಕುತ್ತಿಗೆ ವಾಲಿಸಿದೆ, ಉಸಿರನ್ನೂ ಬಿಗಿಹಿಡಿದೆ.

ಅವಳು ಭುಜ ತಟ್ಟಿದಳು. “ರೀ... ಸಾಕು, ಏಳಿ.”

ಏಳಲಿಲ್ಲ. ಒಳಗೊಳಗೇ ಬೀಗಿದೆ.

“ರೀ! ಆಟ ಬೇಡ!” ಅವಳ ದನಿ ಒಡೆಯಿತು. “ಯಾರಾದ್ರೂ ಆಂಬುಲೆನ್ಸ್ ಕರೀರಿ!”

ಕಣ್ಣು ಬಿಡೋಣ ಎನ್ನುವಷ್ಟರಲ್ಲಿ ಬಿತ್ತು ನೋಡಿ ಎದೆಯ ಮೇಲೆ ಇಡೀ ಸಂಸಾರದ ಭಾರ!

“ಬಿಡೇ! ಬದುಕಿದ್ದೀನಿ ಕಣೇ!” ಎಂದು ಅರಚಿದೆ.

ಅಷ್ಟರಲ್ಲಿ ಮಹಡಿ ಮನೆಯ ಟೈಲರಣ್ಣ ಕೊರಳಲ್ಲಿ ಟೇಪು, ಕಿವಿಯಲ್ಲಿ ಫೋನು ಸಮೇತ ನುಗ್ಗಿಬಂದರು. “ಆಂಬುಲೆನ್ಸ್ ಹೊರಡ್ತಿದೆ!” ಫೋನು ಕಸಿದುಕೊಂಡೆ. “ರೋಗಿ ಹೇಗಿದ್ದಾರೆ?” ಎಂದಿತು ಆ ಕಡೆಯ ದನಿ. “ರೋಗಿ ನಾನೇ. ದಯವಿಟ್ಟು ಬರಬೇಡಿ!” ಅಲ್ಲಿಂದ ಬಂದ ಬೈಗುಳವನ್ನು ಇಲ್ಲಿ ಬರೆಯುವಂತಿಲ್ಲ.

ಟೈಲರಣ್ಣ ತಲೆ ಚಚ್ಚಿಕೊಂಡು ಹೋದರು. ಹೆಂಡತಿ ಮಾತ್ರ ಗೋಡೆಗೊರಗಿ ಕೂತೇ ಇದ್ದಳು. ಬೈಯಲಿಲ್ಲ. ನನಗೆ ಅದೇ ಭಯ!

“ಅಪ್ಪನೂ ಹೀಗೇ ಬಿದ್ದಿದ್ರು,” ಎಂದಳು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ. “ನಾವೆಲ್ಲ ಸುತ್ತ ನಿಂತು ಗಾಳಿ ಹಾಕಿದ್ವಿ. ಏನ್ ಮಾಡ್ಬೇಕು ಅಂತ ಒಬ್ರಿಗೂ ಗೊತ್ತಿರ್ಲಿಲ್ಲ.”

ನನ್ನ ಎದೆ ನೋವಿಗೆ ಅವಳ ಅಂಗೈ ಕಾರಣವಲ್ಲ ಎಂದು ಆಗ ತಿಳಿಯಿತು. “ತಪ್ಪಾಯ್ತು ಕಣೇ,” ಎಂದೆ. ಅವಳು ಹತ್ತಿರ ಸರಿದು ನನ್ನ ಎದೆಗೆ ಕಿವಿಯಿಟ್ಟಳು. ತುಂಬ ಹೊತ್ತು ತೆಗೆಯಲೇ ಇಲ್ಲ. ಮದುವೆಯಾದ ಹೊಸದರಲ್ಲೂ ಹೀಗೆ ಕೂತವರಲ್ಲ ನಾವು! ನಾನು ಕರಗಿ ನೀರಾದೆ.

“ಏನಂತಿದೆ ನನ್ನ ಹೃದಯ?” ಎಂದೆ ಮೆತ್ತಗೆ.

“ಹೃದಯ ಕೇಳಿಸೋಕೆ ಹೊಟ್ಟೆ ಬಿಟ್ರೆ ತಾನೇ? ಒಂದೇ ಸಮನೆ ಗೊರ್ ಅಂತಿದೆ. ಏಳಿ, ಊಟಕ್ಕೆ ಬಡಿಸ್ತೀನಿ!”